ಅಲ್ಪಾಯುಷಿ ಪೂರ್ವಜರ ಜಾಡು

ಪ್ರಶ್ನೆ: ನನ್ನ ಸೊಸೆ ಅಮೆರಿಕದವಳು. ಅವಳ ತವರಿನಲ್ಲಿ ಒಂದು ಹಳೆಯ ಬೈಬಲ್ ಇದೆ. ಅದರ ಮೊದಲ ಹಾಳೆಯಲ್ಲಿ, ಮನೆತನದ ಮೂಲಪುರುಷನು 1635ರಲ್ಲಿ ಇಂಗ್ಲೆಂಡಿನಿಂದ ಬಂದು ಮಸಾಚುಸೆಟ್ಸ್‌ನ ಡಾರ್ಚೆಸ್ಟರ್‌ನಲ್ಲಿ ನೆಲೆಸಿದನೆಂದೂ 1638/9ರಲ್ಲಿ ತೀರಿಕೊಂಡನೆಂದೂ ಹೆಂಡತಿ ಮತ್ತು ಒಬ್ಬ ಮಗ ಉಳಿದರೆಂದೂ ಯಾರೋ ಬರೆದಿಟ್ಟಿದ್ದಾರೆ. ಹೆಂಡತಿಯ ಹೆಸರು ಅದರಲ್ಲಿಲ್ಲ. ಅಂತರ್ಜಾಲದ ವಂಶವೃಕ್ಷಗಳಲ್ಲಿ ಹುಡುಕಿದರೆ ಅದೇ ಹೆಸರಿನ ಮೂವರು ಸಿಗುತ್ತಾರೆ; ಮೂವರಿಗೂ ಬೇರೆ ಬೇರೆ ತಂದೆತಾಯಿ. ಆ ನೆಲದಲ್ಲಿ ಕೇವಲ ನಾಲ್ಕು ವರ್ಷ ಬದುಕಿದ ಮನುಷ್ಯನ ಬಗ್ಗೆ ನಿಜವನ್ನು ತಿಳಿಯುವ ದಾರಿ ಇದೆಯೇ?

ಉತ್ತರ: ಇದೆ. ಆದರೆ ಅದು ಅವನ ಹುಟ್ಟಿನಿಂದ ಶುರುವಾಗುವ ದಾರಿಯಲ್ಲ, ಸಾವಿನಿಂದ ಶುರುವಾಗುವ ದಾರಿ. ದೀರ್ಘಕಾಲ ಬಾಳಿದವನು ಊರಿನ ಹುದ್ದೆಗಳನ್ನು ಹಿಡಿಯುತ್ತಾನೆ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುತ್ತಾನೆ, ನೆರೆಯವರೊಡನೆ ವ್ಯಾಜ್ಯವಾಡುತ್ತಾನೆ, ಹೀಗೆ ತನ್ನ ಗುರುತನ್ನು ತಾನೇ ಬಿಟ್ಟುಹೋಗುತ್ತಾನೆ. ಅಲ್ಪಾಯುಷಿಗೆ ಅದಕ್ಕೆಲ್ಲ ಸಮಯವೇ ಸಿಗುವುದಿಲ್ಲ. ಅವನ ಬಗೆಗಿನ ಕಾಗದಪತ್ರಗಳು ಹೆಚ್ಚಾಗಿ ಅವನು ಸತ್ತ ಮೇಲೆ, ಅವನಿಂದ ಬರಬೇಕಾದದ್ದು ಇದ್ದವರು, ಅವನಿಗೆ ಕೊಡಬೇಕಾದದ್ದು ಇದ್ದವರು, ಅವನ ಹೆಂಡತಿಯನ್ನು ಮದುವೆಯಾದವರು, ಅವನ ಮಗನನ್ನು ಸಾಕಿದವರು ಬರೆಸಿದ ಕಾಗದಗಳಾಗಿರುತ್ತವೆ. ನಿಮ್ಮ ಸೊಸೆಯ ಪೂರ್ವಜನನ್ನು ನಾವು ಹುಡುಕಬೇಕಾದದ್ದು ಆ ಇತರರ ಹೆಸರುಗಳ ಅಡಿಯಲ್ಲಿ.

ಮೊದಲು ಬೈಬಲ್ಲನ್ನೇ ನೋಡಿ. ಅದು ಮುದ್ರಣವಾದ ವರ್ಷ ಶೀರ್ಷಿಕೆಯ ಪುಟದಲ್ಲಿರುತ್ತದೆ. ಬೈಬಲ್ 1800ರ ನಂತರದ್ದಾಗಿದ್ದರೆ ಆ ಬರಹ ಸಾಕ್ಷಿಯ ಮಾತಲ್ಲ, ಐದಾರು ತಲೆಮಾರು ದಾಟಿ ಬಂದ ನೆನಪು ಅಥವಾ ಬೇರೆಲ್ಲಿಂದಲೋ ಮಾಡಿಕೊಂಡ ನಕಲು. ಆದರೂ ನನ್ನ ಗಮನ ಸೆಳೆದದ್ದು ‘1638/9’ ಎಂಬ ಬರವಣಿಗೆ, ಅಂದರೆ ನಮ್ಮ ಲೆಕ್ಕದ 1639ರ ಆರಂಭ (ಇದರ ವಿವರ ಮುಂದಿನ ಉತ್ತರದಲ್ಲಿದೆ). ಬಾಯಿಂದ ಬಾಯಿಗೆ ಬಂದ ನೆನಪು ಇಸವಿಯನ್ನು ಹೀಗೆ ಎರಡಾಗಿ ಹೇಳುವುದಿಲ್ಲ. ಇದನ್ನು ಬರೆದವರು ಯಾವುದೋ ಹಳೆಯ ದಾಖಲೆಯನ್ನೋ ಅದರ ಮುದ್ರಿತ ರೂಪವನ್ನೋ ಕಂಡಿದ್ದಿರಬೇಕು. ಹಾಗಾದರೆ ಆ ದಾಖಲೆ ಇಂದಿಗೂ ಎಲ್ಲೋ ಉಳಿದಿರುವ ಸಂಭವವಿದೆ.

ಎರಡನೆಯ ಕೆಲಸ, ನಿಮ್ಮ ಸೊಸೆಯಿಂದ ಆ ಒಬ್ಬ ಮಗನವರೆಗೆ ಪ್ರತಿ ಕೊಂಡಿಯನ್ನೂ ಹಿಮ್ಮುಖವಾಗಿ ಗಟ್ಟಿಮಾಡಿಕೊಳ್ಳುವುದು. ಇದು ಬೇಸರದ ಕೆಲಸವೆಂದು ಅನೇಕರು ನೇರವಾಗಿ 1635ಕ್ಕೆ ಜಿಗಿಯುತ್ತಾರೆ, ಕೊನೆಗೆ ಬೇರೆಯವರ ಪೂರ್ವಜನನ್ನು ಮನೆಗೆ ಕರೆತರುತ್ತಾರೆ. ಅಮೆರಿಕದ ಜನಗಣತಿ 1790ರಲ್ಲಿ ಆರಂಭವಾಯಿತಾದರೂ 1840ರವರೆಗೆ ಮನೆಯ ಯಜಮಾನನ ಹೆಸರನ್ನಷ್ಟೇ ಬರೆಯುತ್ತಿದ್ದರು. ಮನೆಯಲ್ಲಿದ್ದ ಸ್ವತಂತ್ರರೆಲ್ಲರ, ಅಂದರೆ ಗುಲಾಮರಲ್ಲದವರ, ಹೆಸರು ಬಂದದ್ದು 1850ರಿಂದ. ಮಸಾಚುಸೆಟ್ಸ್ ರಾಜ್ಯಮಟ್ಟದ ಜನನ, ಮರಣ, ವಿವಾಹ ನೋಂದಣಿ 1841ರಲ್ಲಿ ಶುರುವಾಯಿತು. ಅದಕ್ಕೂ ಹಿಂದಿನದಕ್ಕೆ ಆಯಾ ಊರಿನ ಪುಸ್ತಕಗಳೇ ಗತಿ. ಅದೃಷ್ಟವಶಾತ್ ಆ ರಾಜ್ಯದ ಬಹಳಷ್ಟು ಊರುಗಳ 1850ರವರೆಗಿನ ದಾಖಲೆಗಳು ಮುದ್ರಣಗೊಂಡಿವೆ. 1845ರಲ್ಲಿ ಬಾಸ್ಟನ್‌ನಲ್ಲಿ ಸ್ಥಾಪನೆಯಾದ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿಯ ಸಂಗ್ರಹದಲ್ಲಿ ಅವು ದೊರೆಯುತ್ತವೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಮೂಲಪುಟಗಳ ಎಷ್ಟೋ ಛಾಯಾಚಿತ್ರಗಳನ್ನು ಹಣ ಕೊಡದೆ ನೋಡಬಹುದು.

ಇನ್ನು ಆ ನಾಲ್ಕು ವರ್ಷಗಳ ವಿಷಯ. 1620ರಿಂದ 1640ರೊಳಗೆ ಸುಮಾರು 20,000 ಜನ ಇಂಗ್ಲೆಂಡ್ ಬಿಟ್ಟು, ಮಸಾಚುಸೆಟ್ಸ್ ಸೇರಿದ ನ್ಯೂ ಇಂಗ್ಲೆಂಡ್ ಪ್ರದೇಶಕ್ಕೆ ಬಂದರು. ಅವರಲ್ಲಿ ಹೆಚ್ಚಿನವರು ಬಂದದ್ದು 1630ರ ನಂತರ. 1635ರಲ್ಲಿ ಲಂಡನ್ ಬಂದರಿನಿಂದ ಹೊರಟವರ ಪಟ್ಟಿ ಉಳಿದುಬಂದಿದೆ, ಹೆಸರಿನೊಂದಿಗೆ ವಯಸ್ಸೂ ಅದರಲ್ಲಿದೆ. ಆದ್ದರಿಂದ ನಿಮ್ಮವನು ಬಂದನೆನ್ನಲಾದ ವರ್ಷ ಹುಡುಕುವವರಿಗೆ ಒಳ್ಳೆಯ ವರ್ಷ. ಆದರೆ ಬ್ರಿಸ್ಟಲ್ ಮೊದಲಾದ ಇತರ ಬಂದರುಗಳಿಂದಲೂ ಹಡಗುಗಳು ಹೊರಟಿದ್ದವು. ಲಂಡನ್ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವನು ಬರಲೇ ಇಲ್ಲವೆಂದು ತೀರ್ಮಾನಿಸಬಾರದು.

ಡಾರ್ಚೆಸ್ಟರ್ ಆಗ ಅರ್ಧ ಬರಿದಾಗಿ ಮತ್ತೆ ತುಂಬಿಕೊಳ್ಳುತ್ತಿದ್ದ ಊರು. 1630ರಲ್ಲಿ ಅಲ್ಲಿ ನೆಲೆನಿಂತವರಲ್ಲಿ ದೊಡ್ಡದೊಂದು ಗುಂಪು 1635 ಮತ್ತು 1636ರಲ್ಲಿ ಕನೆಕ್ಟಿಕಟ್ ನದಿಯ ದಡಕ್ಕೆ ಹೋಗಿ ವಿಂಡ್ಸರ್ ಎಂಬ ಊರನ್ನು ಕಟ್ಟಿತು. ಹೊರಟವರ ಹೊಲ ಮನೆಗಳನ್ನು ಹೊಸದಾಗಿ ಬಂದವರು ಕೊಂಡರು. 1636ರಲ್ಲಿ ರಿಚರ್ಡ್ ಮ್ಯಾಥರ್ ಎಂಬ ಪಾದ್ರಿಯ ನೇತೃತ್ವದಲ್ಲಿ ಅಲ್ಲಿ ಹೊಸದಾಗಿ ಚರ್ಚಿನ ಸಭೆ ಸೇರಿತು. ಅದರ ದಾಖಲೆಗಳು ಉಳಿದು ಮುದ್ರಣವಾಗಿವೆ. ನಿಮ್ಮ ಪೂರ್ವಜನೋ ಅವನ ಹೆಂಡತಿಯೋ ಆ ಸಭೆಗೆ ಸೇರಿದ್ದರೆ ಅವಳ ಹೆಸರು ಮೊದಲಿಗೆ ಸಿಗುವುದು ಅಲ್ಲಿಯೇ ಇರಬಹುದು. 1631ರಿಂದ ಆ ವಸಾಹತಿನಲ್ಲಿ ಚರ್ಚಿನ ಸದಸ್ಯರಲ್ಲದವರಿಗೆ ‘ಫ್ರೀಮನ್’ ಎಂಬ ಮತಾಧಿಕಾರದ ಸ್ಥಾನ ಸಿಗುತ್ತಿರಲಿಲ್ಲ. ಆದ್ದರಿಂದ ಫ್ರೀಮನ್ನರ ಪಟ್ಟಿಯಲ್ಲಿ ಅವನ ಹೆಸರು ಕಂಡರೆ ಆ ಒಂದೇ ಸಾಲಿನಿಂದ ಅವನು ಪ್ರಾಪ್ತವಯಸ್ಕನಾಗಿದ್ದನೆಂಬುದೂ ಚರ್ಚು ಸೇರಿದ್ದನೆಂಬುದೂ ತಿಳಿಯುತ್ತವೆ. ಊರಿನ ಪುಸ್ತಕದಲ್ಲಿ ಜಮೀನು ಹಂಚಿಕೆಯ ಟಿಪ್ಪಣಿಗಳಿವೆ. ಅವನಿಗೆ ಎಷ್ಟು ಎಕರೆ ಸಿಕ್ಕಿತೆಂಬುದಕ್ಕಿಂತ ಯಾರ ಮಗ್ಗುಲಲ್ಲಿ ಸಿಕ್ಕಿತೆಂಬುದನ್ನು ಗುರುತುಮಾಡಿಕೊಳ್ಳಿ, ಏಕೆಂದರೆ ಅವನು ಸತ್ತ ಮೇಲೆ ಮನೆಗೆ ಬಂದು ಸಾಮಾನು ಎಣಿಸಿದವರು ಆ ಮಗ್ಗುಲಿನವರೇ ಆಗಿರುವ ಸಾಧ್ಯತೆ ಹೆಚ್ಚು.

ಮಸಾಚುಸೆಟ್ಸ್ ವಸಾಹತಿನ ಮಹಾಸಭೆಯು ಜನನ, ಮರಣ, ವಿವಾಹಗಳನ್ನು ಬರೆದಿಡಬೇಕೆಂದು ಆಜ್ಞೆ ಹೊರಡಿಸಿದ್ದು 1639ರಲ್ಲಿ. ನಿಮ್ಮವನು ಅದಕ್ಕೆ ಕೆಲವೇ ತಿಂಗಳು ಮುಂಚೆ ಸತ್ತಿದ್ದಾನೆ. ಮರಣದ ನೋಂದಣಿ ಸಿಗಲಿಲ್ಲವೆಂದು ನಿರಾಶರಾಗಬೇಡಿ. ಅದು ಇರಬೇಕಾದ ಕಾಗದವೇ ಅಲ್ಲ. ಸಮಾಧಿಯ ಕಲ್ಲಿಗಾಗಿಯೂ ಅಲೆಯಬೇಡಿ, ಆ ಮೊದಲ ದಶಕಗಳ ಕೆತ್ತಿದ ಕಲ್ಲುಗಳು ತೀರಾ ವಿರಳ. ಹುಡುಕಬೇಕಾದದ್ದು ಅವನ ಆಸ್ತಿಪಟ್ಟಿಯನ್ನು. ಗೃಹಸ್ಥನೊಬ್ಬ ಸತ್ತರೆ ನೆರೆಯ ಇಬ್ಬರು ಮೂವರು ಸೇರಿ ಹಾಸಿಗೆ, ಕಬ್ಬಿಣದ ಪಾತ್ರೆ, ಬಂದೂಕು, ಬೈಬಲ್, ದನ ಎಂದು ಒಂದೊಂದಾಗಿ ಬರೆದು, ಪೌಂಡ್, ಷಿಲಿಂಗ್, ಪೆನ್ಸ್‌ಗಳಲ್ಲಿ ಬೆಲೆ ಕಟ್ಟಿ ನ್ಯಾಯಾಲಯಕ್ಕೆ ಒಪ್ಪಿಸುತ್ತಿದ್ದರು. ಅಲ್ಲಿ ಕೌಂಟಿಗಳು, ಅಂದರೆ ಜಿಲ್ಲೆಗಳು, ರಚನೆಯಾದದ್ದು 1643ರಲ್ಲಿ. ಅದಕ್ಕೂ ಮುಂಚಿನದನ್ನು ವಸಾಹತಿನ ನ್ಯಾಯಾಲಯಗಳ ದಾಖಲೆಗಳಲ್ಲಿ ನೋಡಬೇಕು, ನಂತರದ್ದನ್ನು ಸಫೊಕ್ ಕೌಂಟಿಯಲ್ಲಿ ನೋಡಬೇಕು. ನಾರ್ಫೊಕ್ ಕೌಂಟಿಯ ಕಡೆ ಯಾರಾದರೂ ಕೈ ತೋರಿಸಿದರೆ, ಡಾರ್ಚೆಸ್ಟರ್ ಸೇರಿದ್ದ ಆ ಕೌಂಟಿ ಹುಟ್ಟಿದ್ದೇ 1793ರಲ್ಲಿ ಎಂಬುದನ್ನು ನೆನಪಿಡಿ.

ಇಂಥ ಪಟ್ಟಿಯೊಂದು ಸಿಕ್ಕರೆ ಅದನ್ನು ಮನೆಯೊಳಗೆ ಕಾಲಿಟ್ಟಂತೆ ಓದಬೇಕು. ಒಂದೇ ಹಾಸಿಗೆ ಇದ್ದ ಮನೆಗೂ ಮೂರು ಹಾಸಿಗೆ ಇದ್ದ ಮನೆಗೂ ವ್ಯತ್ಯಾಸವಿದೆ. ಕಮ್ಮಾರನ ಅಡಿಗಲ್ಲು, ನೇಕಾರನ ಮಗ್ಗ ಅವನ ಕಸುಬನ್ನು ಹೇಳಿಬಿಡುತ್ತವೆ. ಬೆಲೆಗಳನ್ನು ಮಾತ್ರ ಜಾಗ್ರತೆಯಿಂದ ಅರ್ಥಮಾಡಿಕೊಳ್ಳಬೇಕು. ವಲಸೆ ಜೋರಾಗಿದ್ದಾಗ ಹೊಸಬರು ಹಸುವೊಂದಕ್ಕೆ 20 ಪೌಂಡ್ ಆಸುಪಾಸು ಕೊಡುತ್ತಿದ್ದರು. 1640ರಲ್ಲಿ ಇಂಗ್ಲೆಂಡಿನ ರಾಜಕೀಯ ಬದಲಾಗಿ ಹಡಗುಗಳು ನಿಂತದ್ದೇ ತಡ, ಅದೇ ಹಸುವಿನ ಬೆಲೆ 5 ಪೌಂಡಿಗೆ ಇಳಿಯಿತು. 1639ರ ಆರಂಭದಲ್ಲಿ ಸತ್ತವನ ಎರಡು ಹಸುಗಳು ಅವನನ್ನು ಕಾಗದದ ಮೇಲೆ ಅನುಕೂಲಸ್ಥನಾಗಿ ತೋರಿಸಿರಬಹುದು. ಆ ಎರಡು ಹಸುಗಳನ್ನೇ ನಂಬಿ ಉಳಿದ ವಿಧವೆಯ ಕೈಯಲ್ಲಿ ಎರಡು ವರ್ಷದಲ್ಲಿ ಅದರ ಕಾಲುಭಾಗದಷ್ಟು ಬೆಲೆ ಮಾತ್ರ ಉಳಿದಿತ್ತು ಎಂಬುದನ್ನು ನೆನೆದರೆ ಅವಳು ಬೇಗನೆ ಮರುಮದುವೆಯಾಗಿರಬಹುದಾದ ಕಾರಣವೂ ತಿಳಿಯುತ್ತದೆ.

ಅವಳು ಮರುಮದುವೆಯಾಗಿದ್ದರೆ ಹೊಸ ಗಂಡನ ಉಪನಾಮದ ಹಿಂದೆ ಮರೆಯಾಗಿರುತ್ತಾಳೆ. ನಿಮ್ಮ ಹುಡುಕಾಟದ ನಿಜವಾದ ಬೀಗವೂ ಅದೇ, ಕೀಲಿಯೂ ಅದೇ. ಎರಡನೆಯ ಗಂಡನ ಉಯಿಲಿನಲ್ಲಿ ‘ನನ್ನ ಸನ್-ಇನ್-ಲಾ’ ಎಂದು ನಿಮ್ಮ ಹುಡುಗನ ಹೆಸರು ಬಂದರೆ ಅಳಿಯನೆಂದು ಓದಬೇಡಿ. ಆ ಕಾಲದಲ್ಲಿ ಹೆಂಡತಿಯ ಮೊದಲ ಮದುವೆಯ ಮಗನನ್ನೂ ಹಾಗೆಯೇ ಕರೆಯುತ್ತಿದ್ದರು. ‘ಕಸಿನ್’ ಎಂದರೆ ಸೋದರಳಿಯನೂ ಆಗಬಹುದು. ‘ಸೀನಿಯರ್’, ‘ಜೂನಿಯರ್’ ಎಂಬವು ತಂದೆ ಮಗನನ್ನೇ ಸೂಚಿಸಬೇಕಿಲ್ಲ, ಒಂದೇ ಊರಿನಲ್ಲಿ ಒಂದೇ ಹೆಸರಿನ ಹಿರಿಯ ಮತ್ತು ಕಿರಿಯ ಇಬ್ಬರನ್ನು, ಅವರ ನಡುವೆ ರಕ್ತಸಂಬಂಧವೇ ಇಲ್ಲದಿದ್ದರೂ, ಬೇರೆಮಾಡಿ ಹೇಳಲು ಅವು ಸಾಕಾಗಿದ್ದವು. ಅಂತರ್ಜಾಲದಲ್ಲಿ ನೀವು ಕಂಡ ಮೂವರಲ್ಲಿ ಒಬ್ಬನಾದರೂ ಇಂಥ ತಪ್ಪು ಓದಿನಿಂದ ಹುಟ್ಟಿದವನಿರಬೇಕೆಂದು ನನಗೆ ಅನುಮಾನ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಆ ಮಗನಿಗೆ 21 ತುಂಬಿದ ವರ್ಷದ ಸುತ್ತಮುತ್ತ ನೋಡಿ. ಅವನು 1637ರ ಹೊತ್ತಿಗೆ ಹುಟ್ಟಿದ್ದರೆ 1658ರ ಆಸುಪಾಸಿನಲ್ಲಿ ಪ್ರಾಪ್ತವಯಸ್ಕನಾಗಿರುತ್ತಾನೆ. ತಂದೆಯ ಜಮೀನನ್ನು ಮಾರಲು, ಪಾಲು ಕೇಳಲು, ಮಲತಂದೆಯಿಂದ ಲೆಕ್ಕ ಒಪ್ಪಿಸಿಕೊಳ್ಳಲು ಕಾನೂನು ಅವಕಾಶ ಕೊಡುವುದು ಆಗಲೇ. ಆಗ ಬರೆದ ಕ್ರಯಪತ್ರದಲ್ಲಿ ‘ಡಾರ್ಚೆಸ್ಟರ್‌ನಲ್ಲಿದ್ದ ದಿವಂಗತ ಇಂಥವನ ಮಗ’ ಎಂಬ ಒಂದು ಸಾಲು ಇರುವುದುಂಟು. ತಂದೆ ಸತ್ತ ಇಪ್ಪತ್ತು ವರ್ಷದ ಮೇಲೆ ಬರೆದ ಆ ಸಾಲು, ಬದುಕಿದ್ದಾಗಿನ ಯಾವ ದಾಖಲೆಗಿಂತಲೂ ಹೆಚ್ಚಿನದನ್ನು ಸಾಬೀತುಮಾಡುತ್ತದೆ. ಸಫೊಕ್ ಕೌಂಟಿಯ ಮೊದಲ ಕ್ರಯಪತ್ರಗಳ ಸಂಪುಟಗಳು ಅಚ್ಚಾಗಿವೆ. 1641ರ ವಸಾಹತಿನ ಕಾನೂನು ಸಂಹಿತೆಯಂತೆ, ಉಯಿಲು ಬರೆಯದೆ ಸತ್ತವನ ಹಿರಿಯ ಮಗನಿಗೆ ಎರಡು ಪಾಲು ಸಲ್ಲುತ್ತಿತ್ತು ಎಂಬುದೂ ನಿಮಗೆ ಉಪಯೋಗಕ್ಕೆ ಬರಬಹುದು: ಆಸ್ತಿಯಲ್ಲಿ ಎರಡು ಪಾಲು ಪಡೆದವನೊಬ್ಬ ಕಂಡರೆ, ಕಾಗದದಲ್ಲಿ ಹೆಸರಿಲ್ಲದ ತಮ್ಮನೋ ತಂಗಿಯೋ ಇದ್ದಿರಬೇಕು; ಬೈಬಲ್ಲಿನ ‘ಒಬ್ಬ ಮಗ’ ಒಬ್ಬನೇ ಅಲ್ಲದಿರಬಹುದು.

ನಿಮ್ಮ ಪೂರ್ವಜನ ಕಾಲಕ್ಕೆ ಸರಿಯಾಗಿ ಹೊಂದುವ ಮತ್ತೊಂದು ದಾಖಲೆ ಇದೆ. ಥಾಮಸ್ ಲೆಚ್‌ಫರ್ಡ್ ಎಂಬ ವಕೀಲನು ಬಾಸ್ಟನ್‌ನಲ್ಲಿದ್ದುಕೊಂಡು 1638ರ ಜೂನ್‌ನಿಂದ 1641ರ ಜುಲೈವರೆಗೆ ತಾನು ಬರೆದುಕೊಟ್ಟ ಕಾಗದಗಳನ್ನೆಲ್ಲ ಒಂದು ಪುಸ್ತಕದಲ್ಲಿ ಟಿಪ್ಪಣಿ ಮಾಡಿಟ್ಟಿದ್ದ. ಅದು 1885ರಲ್ಲಿ ಅಚ್ಚಾಯಿತು. ಇಂಗ್ಲೆಂಡಿನಲ್ಲಿರುವ ಪಿತ್ರಾರ್ಜಿತವನ್ನು ವಸೂಲಿಮಾಡಲು ಕೊಟ್ಟ ಅಧಿಕಾರಪತ್ರಗಳು ಅದರಲ್ಲಿವೆ. ಅಂಥ ಪತ್ರದಲ್ಲಿ ಇಂಗ್ಲೆಂಡಿನ ಹಳ್ಳಿಯ ಹೆಸರು ಬರುತ್ತದೆ, ತಂದೆಯ ಹೆಸರು ಬರುತ್ತದೆ. ಅಪರಿಚಿತ ವಿಧವೆಯೊಬ್ಬಳು ತನ್ನ ಗಂಡನ ಪಾಲನ್ನು ಕೇಳಿ ಬರೆಸಿದ ನಾಲ್ಕು ಸಾಲಿನಿಂದ ಸಮುದ್ರದ ಆಚೆಯ ಮನೆಯ ಬಾಗಿಲು ತೆರೆಯಬಹುದೆಂಬ ಆಸೆಯಿಂದಲೇ ನಾನು ಈ ಪುಸ್ತಕದ ಸೂಚಿಯನ್ನು ಮೊದಲು ನೋಡಿರೆಂದು ಎಲ್ಲರಿಗೂ ಹೇಳುತ್ತೇನೆ.

ಹಳ್ಳಿಯ ಹೆಸರು ಸಿಕ್ಕ ಮೇಲೆ ಮಾತ್ರ ಇಂಗ್ಲೆಂಡಿನ ಪ್ಯಾರಿಷ್ ದಾಖಲೆಗಳಿಗೆ, ಅಂದರೆ ಊರಿನ ಚರ್ಚಿನ ದಾಖಲೆಗಳಿಗೆ, ಹೋಗಿ. ಅಲ್ಲಿ 1538ರಿಂದ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡುವ ಆಜ್ಞೆಯಿತ್ತು. ಅದೇ ಹೆಸರಿನ ಮಗುವಿನ ದೀಕ್ಷಾಸ್ನಾನ ಕಂಡೊಡನೆ ಸಂಭ್ರಮಪಡದೆ, ಮುಂದಿನ ಹತ್ತಿಪ್ಪತ್ತು ವರ್ಷಗಳ ಸಮಾಧಿಯ ಪುಟಗಳನ್ನೂ ಓದಿ. ಮೂರನೆಯ ವರ್ಷಕ್ಕೆ ಮಣ್ಣಾದ ಮಗುವನ್ನು ಮೂವತ್ತನೆಯ ವರ್ಷದಲ್ಲಿ ಹಡಗು ಹತ್ತಿಸಿದ ವಂಶವೃಕ್ಷಗಳು ಬೇಕಾದಷ್ಟಿವೆ. ಆ ಕಾಲದ ತಂದೆತಾಯಂದಿರು ತೀರಿಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುತ್ತಿದ್ದುದರಿಂದ ಈ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ.

ಪ್ರಶ್ನೆ: ಮಸಾಚುಸೆಟ್ಸ್‌ನ ಹಳೆಯ ದಾಖಲೆಯೊಂದರ ಪ್ರತಿಯಲ್ಲಿ ಒಬ್ಬ ವ್ಯಕ್ತಿಯ ಆಸ್ತಿಪಟ್ಟಿಗೆ ಫೆಬ್ರವರಿ 1638 ಎಂದೂ, ಅದೇ ವ್ಯಕ್ತಿ ಸಹಿಮಾಡಿದ ಕ್ರಯಪತ್ರಕ್ಕೆ ಮೇ 1638 ಎಂದೂ ದಿನಾಂಕವಿದೆ. ಸತ್ತವನು ಸಹಿಮಾಡಲು ಸಾಧ್ಯವಿಲ್ಲ. ಹಾಗಾದರೆ ಇವರು ಇಬ್ಬರೇ?

ಉತ್ತರ: ಒಬ್ಬನೇ ಇರಬಹುದು. ಆಗ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ರಂದು. ಆ ಲೆಕ್ಕದಲ್ಲಿ 1638ರ ಮೇ ಮೊದಲು ಬರುತ್ತದೆ, 1638ರ ಫೆಬ್ರವರಿ ಒಂಬತ್ತು ತಿಂಗಳ ನಂತರ ಬರುತ್ತದೆ. ನಮ್ಮ ಲೆಕ್ಕಕ್ಕೆ ಅದು 1639ರ ಫೆಬ್ರವರಿ. ಈ ಗೊಂದಲವನ್ನು ತಪ್ಪಿಸಲೆಂದೇ ಜನವರಿ 1ರಿಂದ ಮಾರ್ಚ್ 24ರವರೆಗಿನ ದಿನಾಂಕಗಳನ್ನು 1638/39 ಎಂದು ಬರೆಯುವ ರೂಢಿ ಬಂತು. ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತರು ತಿಂಗಳ ಹೆಸರುಗಳಲ್ಲಿ ಅನ್ಯದೇವತೆಗಳ ನೆನಪಿದೆಯೆಂದು ಸಂಖ್ಯೆಯನ್ನೇ ಬಳಸುತ್ತಿದ್ದುದುಂಟು. ಅವರ ಮೊದಲನೆಯ ತಿಂಗಳು ಮಾರ್ಚ್, ಹನ್ನೊಂದನೆಯದು ಜನವರಿ. ಬ್ರಿಟಿಷ್ ಪ್ರಭುತ್ವದಲ್ಲಿ ಈ ಪದ್ಧತಿ ಮುಗಿದದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ನಿಮ್ಮ ಟಿಪ್ಪಣಿಯಲ್ಲಿ ದಾಖಲೆಯ ದಿನಾಂಕವನ್ನು ಅದು ಇದ್ದಂತೆಯೇ ಬರೆದುಕೊಂಡು, ನಿಮ್ಮ ಲೆಕ್ಕವನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ಒಮ್ಮೆ ತಿದ್ದಿದ ದಿನಾಂಕವನ್ನು ಮುಂದೆ ಬಂದವರು ಮತ್ತೊಮ್ಮೆ ತಿದ್ದಿದರೆ ಸತ್ತವನ ಆಯುಷ್ಯಕ್ಕೆ ಇಲ್ಲದ ಒಂದು ವರ್ಷ ಸೇರಿಬಿಡುತ್ತದೆ.

ಪ್ರಶ್ನೆ: ಇಷ್ಟೆಲ್ಲ ಕಾಗದ ಹುಡುಕುವ ಬದಲು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು. ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ ಒಬ್ಬರಿಗೆ 4,096 ಪೂರ್ವಜರ ಸ್ಥಾನಗಳಾಗುತ್ತವೆ. ಅವರಲ್ಲಿ ಅನೇಕರ ಡಿಎನ್‌ಎಯ ಒಂದು ತುಣುಕೂ ಇಂದಿನವರಲ್ಲಿ ಉಳಿದಿರುವುದಿಲ್ಲ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತುವಿನ ಪರೀಕ್ಷೆ ಮಾತ್ರ ಅಷ್ಟು ದೂರ ತಲುಪಬಲ್ಲದು, ಅದೂ ಗಂಡುಸಂತತಿಯ ಎಳೆ ಎಲ್ಲಿಯೂ ಕಡಿಯದಿದ್ದರೆ. ಒಂದೇ ಉಪನಾಮದ ಇಬ್ಬರು ವಲಸಿಗರ ಸಂತತಿಯನ್ನು ಬೇರೆಮಾಡಿ ತೋರಿಸಲು ಅದು ತುಂಬ ಸಹಾಯಕ. ಅವನು ಯಾವಾಗ ಸತ್ತ, ಅವನ ಹೆಂಡತಿ ಯಾರು ಎಂಬುದನ್ನು ಕಾಗದವೇ ಹೇಳಬೇಕು.

ಪ್ರಶ್ನೆ: ನನ್ನ ಗೆಳತಿಯ ಕುಟುಂಬದವರು ವರ್ಜೀನಿಯಾದ ಮೂಲದವರು. 1630ರ ದಶಕದಲ್ಲಿ ಅಲ್ಲಿಗೆ ಕೂಲಿಯಾಳಾಗಿ ಬಂದ ಒಬ್ಬನ ಹೆಸರು ಯಾರದೋ ಜಮೀನಿನ ಸನ್ನದಿನಲ್ಲಿದೆ, ಆಮೇಲೆ ಎಲ್ಲಿಯೂ ಇಲ್ಲ. ಅವನು ಬೇಗನೆ ಸತ್ತನೆಂದು ಹೇಳಬಹುದೇ? ಆ ಕಾಲದಲ್ಲಿ ಭಾರತದವರೂ ಅಲ್ಲಿಗೆ ಹೋಗಿದ್ದರೆಂಬುದು ನಿಜವೇ?

ಉತ್ತರ: ಬೇಗನೆ ಸತ್ತಿರಬಹುದು, ಆದರೆ ಸನ್ನದಿನ ಮೌನವೊಂದರಿಂದಲೇ ಹಾಗೆ ಹೇಳಲಾಗದು. ವರ್ಜೀನಿಯಾದಲ್ಲಿ 1618ರಿಂದ, ಯಾರೊಬ್ಬರ ಪ್ರಯಾಣದ ಖರ್ಚನ್ನು ಕೊಟ್ಟವನಿಗೆ ಆ ತಲೆಗೆ 50 ಎಕರೆಯಂತೆ ಜಮೀನಿನ ಹಕ್ಕು ಸಿಗುತ್ತಿತ್ತು. ಸನ್ನದಿನ ಕೊನೆಯಲ್ಲಿರುವ ಹೆಸರುಗಳು ಆ ಲೆಕ್ಕಕ್ಕಾಗಿ ಬರೆದವು. ಆ ಹಕ್ಕನ್ನು ಮಾರಬಹುದಾಗಿತ್ತು, ವರ್ಷಗಟ್ಟಲೆ ಇಟ್ಟುಕೊಂಡು ಆಮೇಲೆ ಚಲಾಯಿಸಬಹುದಾಗಿತ್ತು. ಒಂದೇ ತಲೆಯನ್ನು ಎರಡು ಸಲ ಎಣಿಸಿದ ಪ್ರಸಂಗಗಳೂ ಇವೆ. ಹಾಗಾಗಿ ಸನ್ನದಿನ ದಿನಾಂಕ ಅವನು ಬಂದಿಳಿದ ದಿನಾಂಕವಲ್ಲ, ಅದರೊಳಗೆ ಅವನು ಬಂದಿದ್ದನೆಂಬ ಗಡುವು ಮಾತ್ರ. ಸನ್ನದು ಕೈಗೆ ಬರುವ ಹೊತ್ತಿಗೆ ಅವನು ಮಣ್ಣಾಗಿದ್ದಿರಲೂಬಹುದು.

ಅಲ್ಲಿ ಬದುಕು ನ್ಯೂ ಇಂಗ್ಲೆಂಡಿನಂತಿರಲಿಲ್ಲ. 1607ರಲ್ಲಿ ಜೇಮ್ಸ್‌ಟೌನ್ ಸ್ಥಾಪನೆಯಾದ ಮೇಲೆ, 1609–10ರ ಚಳಿಗಾಲದ ಬರಗಾಲದಲ್ಲಿ ಅಲ್ಲಿ ಉಳಿದವರು ಸುಮಾರು 60 ಮಂದಿ. ಉಪ್ಪುಮಿಶ್ರಿತ ನದಿನೀರು, ಭೇದಿ, ವಿಷಮಶೀತ ಜ್ವರ, ಮಲೇರಿಯಾ ಹೊಸಬರನ್ನು ಮೊದಲ ಬೇಸಿಗೆಯಲ್ಲೇ ಕೊಂಡೊಯ್ಯುತ್ತಿದ್ದವು. ಅದನ್ನು ದಾಟಿದವನನ್ನು ಅಲ್ಲಿನವರು ‘ಸೀಸನ್ಡ್’, ಅಂದರೆ ಹದವಾದವನು ಎನ್ನುತ್ತಿದ್ದರು. 1622ರ ಮಾರ್ಚ್ 22ರಂದು ಪೌಹಾಟನ್ ಎಂಬ ಮೂಲನಿವಾಸಿ ಜನರ ದಾಳಿಯಲ್ಲಿ 347 ವಲಸಿಗರು ಸತ್ತರು. ಅದರ ನಂತರ ವಸಾಹತಿನಲ್ಲಿ ಬದುಕಿರುವವರ ಮತ್ತು ಸತ್ತವರ ಪಟ್ಟಿಯನ್ನು 1624ರ ಆರಂಭದಲ್ಲಿಯೂ, ಮನೆಮನೆಯ ಎಣಿಕೆಯನ್ನು 1625ರ ಆರಂಭದಲ್ಲಿಯೂ ಮಾಡಿದರು. ಎರಡನೆಯದರಲ್ಲಿ ಅನೇಕರ ವಯಸ್ಸು, ಬಂದ ಹಡಗು, ಬಂದ ವರ್ಷ ಇವೆ. ಆಫ್ರಿಕಾದಿಂದ ಬಲವಂತವಾಗಿ ತಂದವರಲ್ಲಿ ಆಂಟನಿ, ಇಸಬೆಲ್ಲಾ ಮತ್ತು ಅವರ ಮಗು ವಿಲಿಯಂ ಒಂದೇ ಮನೆಯವರಾಗಿ ಆ ಎಣಿಕೆಯಲ್ಲಿದ್ದಾರೆ, ಉಪನಾಮವಿಲ್ಲದೆ, ವಯಸ್ಸಿಲ್ಲದೆ. ನಿಮ್ಮ ಗೆಳತಿಯ ಪೂರ್ವಜ ಬಂದದ್ದು ಇದರ ನಂತರ. ಅಂಥ ಮನೆಮನೆಯ ಎಣಿಕೆಯ ನೆರವು ಅವನಿಗಿಲ್ಲ. ಜೇಮ್ಸ್‌ಟೌನ್ ಸೇರಿದ ಜೇಮ್ಸ್ ಸಿಟಿ ಕೌಂಟಿಯ ಹಳೆಯ ಪುಸ್ತಕಗಳು 1865ರಲ್ಲಿ ವರ್ಜೀನಿಯಾದ ರಾಜಧಾನಿ ರಿಚ್ಮಂಡ್ ಹೊತ್ತಿ ಉರಿದಾಗ ನಾಶವಾದವು. ಅವನು ಆ ಕೌಂಟಿಯವನಾಗಿದ್ದರೆ ಸನ್ನದು ಪಡೆದ ಯಜಮಾನನ ಇತರ ಸನ್ನದುಗಳು ಮತ್ತು ನೆರೆಯ ಕೌಂಟಿಗಳ ನ್ಯಾಯಾಲಯದ ಪುಸ್ತಕಗಳು ಉಳಿದ ದಾರಿ. ಆಳಿನ ಒಪ್ಪಂದ ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷದ್ದು. ಅವಧಿ ಮುಗಿದ ಕಾಲದಲ್ಲಿ ಅವನು ಸಾಕ್ಷಿಯಾಗಿಯೋ ಸಾಲಗಾರನಾಗಿಯೋ ಕಾಣಿಸದಿದ್ದರೆ ಆಗ ಅವನ ಸಾವನ್ನು ಊಹಿಸಲು ಸ್ವಲ್ಪ ಆಧಾರ ಸಿಗುತ್ತದೆ. ಬರೆಯುವಾಗಲೂ ಅದನ್ನು ಊಹೆಯೆಂದೇ ಬರೆಯಬೇಕು.

ಭಾರತದವರ ಬಗ್ಗೆ ಕೇಳಿದ್ದೀರಿ. 1635ರಲ್ಲಿ ಜಾರ್ಜ್ ಮೆನೆಫಿ ಎಂಬ ಜಮೀನುದಾರನು ತಲೆಹಕ್ಕಿಗಾಗಿ ಕೊಟ್ಟ ಹೆಸರುಗಳಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಎಂಬ ಹೆಸರಿದೆ. ಬರಿಯ ‘ಇಂಡಿಯನ್’ ಎಂದಿದ್ದರೆ ಅಲ್ಲಿನ ಮೂಲನಿವಾಸಿಯೆಂದಾಗುತ್ತಿತ್ತು. ‘ಈಸ್ಟ್’ ಎಂಬ ಪದ ಅವನನ್ನು ಏಷ್ಯಾದ ಕಡೆಗೆ ಸೇರಿಸುತ್ತದೆ. ಆ ಕಾಲದ ಬಳಕೆಯಲ್ಲಿ ಅದು ನಮ್ಮ ಉಪಖಂಡವೂ ಆಗಬಹುದು, ಅದರಾಚೆಯ ದ್ವೀಪಗಳೂ ಆಗಬಹುದು. ಅವನ ತಾಯಿ ಇಟ್ಟ ಹೆಸರು ಟೋನಿಯಾಗಿರಲಾರದು. ಅವನ ಊರು, ಮಾತು, ವಯಸ್ಸು ಯಾವುದನ್ನೂ ಅಲ್ಲಿ ಬರೆದಿಲ್ಲ. 50 ಎಕರೆಗೆ ಅಷ್ಟೆಲ್ಲ ಬೇಕಿರಲಿಲ್ಲ. ವರ್ಜೀನಿಯಾದ ಹಳೆಯ ಸನ್ನದುಗಳ ಪುಸ್ತಕಗಳು ರಿಚ್ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾದಲ್ಲಿವೆ, ಪುಟಗಳ ಚಿತ್ರಗಳನ್ನು ಅಂತರ್ಜಾಲದಲ್ಲಿಯೂ ಇರಿಸಿದ್ದಾರೆ. ನಿಮ್ಮ ಗೆಳತಿಯ ಪೂರ್ವಜನ ಸನ್ನದನ್ನು ಅಲ್ಲಿ ತೆರೆದಾಗ ಸಾರಾಂಶಕ್ಕೆ ತೃಪ್ತರಾಗದೆ ಮೂಲಪುಟವನ್ನೇ ಓದಿ, ಅವನ ಹೆಸರಿನ ಮೇಲೆ ಮತ್ತು ಕೆಳಗೆ ಇರುವ ಹೆಸರುಗಳನ್ನೂ ಬರೆದುಕೊಳ್ಳಿ. ಅವನೊಡನೆ ಒಂದೇ ಹಡಗಿನಲ್ಲಿ ಬಂದವರು ಅವರಾಗಿರಬಹುದು, ಅವರಲ್ಲಿ ಯಾರಾದರೊಬ್ಬರು ಹೆಚ್ಚು ಕಾಲ ಬದುಕಿ ಅವನ ಬಗ್ಗೆ ನ್ಯಾಯಾಲಯದಲ್ಲಿ ಒಂದು ಮಾತು ಹೇಳಿರಬಹುದು.